ಎರಡು ಸೀಟಿನ ವಿರೋಧ ಪಕ್ಷ, ಎರಡು ಸಲದ ಪ್ರಧಾನಿ

ಹೋದ ಸಂಚಿಕೆಯಲ್ಲಿ ಒಬ್ಬರು "ವಿರೋಧ ಪಕ್ಷದಲ್ಲಿ ತಲೆ ಎಣಿಸೋಕೂ ಜನ ಇಲ್ದಿದ್ರೆ ಅವ್ರು ಮಾಡೋದಾದ್ರೂ ಏನು" ಅಂತ ಕೇಳಿದ್ರು. ಅದಕ್ಕೆ ನಾನು, ಭೂತಾನ್‌ನಲ್ಲಿ 47 ಸೀಟಿನ ಸಭೆಯಲ್ಲಿ ಇಬ್ಬರೇ ಇಬ್ಬರು ವಿರೋಧ ಪಕ್ಷದವರಿದ್ರು, ಅವರಲ್ಲೊಬ್ಬರು ಐದು ವರ್ಷ ಆದ್ಮೇಲೆ ಪ್ರಧಾನಿ ಆದ್ರು, ಅಂತ ಒಂದೇ ಸಾಲು ಗೀಚಿ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ನಾನು ಕಷ್ಟಪಟ್ಟು ಮೂರು ಪುಟ ಬರೆದಾಗ್ಲೂ ಬಂದಿರಲಿಲ್ಲ. ಸರಿ, ಈ ಸಲ ಪೂರ್ತಿ ಅಂಕಣ ಅದಕ್ಕೇ ಇರ್ಲಿ. ಆ ಮನುಷ್ಯನ ಹೆಸರು ಶೆರಿಂಗ್ ಟೊಬ್ಗೆ. ಪ್ರಶ್ನೆಗಳನ್ನ ಅಲ್ಲಲ್ಲಿ ಕತ್ತರಿಸಿದೀನಿ, ಬೈಗುಳಕ್ಕೆ ಮಾತ್ರ ಕತ್ತರಿ ಹಾಕಿಲ್ಲ.

ಪ್ರಶ್ನೆ: 47ರಲ್ಲಿ 45 ಒಂದೇ ಪಕ್ಷಕ್ಕೆ ಬಂತು ಅಂದ್ರೆ ಅದು ಎಲೆಕ್ಷನ್ನೋ ನಾಟಕಾನೋ? ಈ ಟೊಬ್ಗೆ ಅನ್ನೋರು ಯಾರು, ರಾಜನ ಕಡೆಯವರಾ? (ದಾವಣಗೆರೆಯ ಒಬ್ಬ ನಿವೃತ್ತ ಮೇಷ್ಟ್ರು)

ನಾಟಕ ಅಲ್ಲ ಮೇಷ್ಟ್ರೇ, ಆದ್ರೆ ರಿಹರ್ಸಲ್ ಮಾತ್ರ ನಿಜವಾಗ್ಲೂ ನಡೆದಿತ್ತು! ಅದನ್ನ ಮೊದಲು ಹೇಳ್ಬಿಡ್ತೀನಿ.

ಭೂತಾನ್‌ನ ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ 1998ರಲ್ಲೇ ದಿನನಿತ್ಯದ ಆಡಳಿತನ ಮಂತ್ರಿಗಳ ಕೈಗೆ ಕೊಟ್ಟಿದ್ರು. ಮಂತ್ರಿಗಳು ಸರದಿ ಮೇಲೆ ವರ್ಷಕ್ಕೊಬ್ಬರಂತೆ ಮಂತ್ರಿಮಂಡಲದ ಅಧ್ಯಕ್ಷರಾಗೋರು, ಆ ವರ್ಷ ಅವರೇ ಸರ್ಕಾರದ ಮುಖ್ಯಸ್ಥ. 2005ರ ಡಿಸೆಂಬರ್‌ನಲ್ಲಿ ರಾಜರು ಇನ್ನು ಚುನಾವಣೆ ಮಾಡೋಣ, ನಾನೂ ಸಿಂಹಾಸನ ಬಿಡ್ತೀನಿ ಅಂದಾಗ ಜನಕ್ಕೆ ಖುಷಿಗಿಂತ ಗಾಬರಿನೇ ಜಾಸ್ತಿ ಆಯ್ತು, ಯಾಕೆ ಈಗ, ಎಲ್ಲ ಚೆನ್ನಾಗೇ ಇದೆಯಲ್ಲ ಅನ್ನೋ ಥರ. 2006ರಲ್ಲಿ ಮಗ ಜಿಗ್ಮೆ ಖೇಸರ್‌ಗೆ ಪಟ್ಟ ಬಿಟ್ಟೂ ಕೊಟ್ರು. ಓಟು ಹಾಕೋದನ್ನ ಜನಕ್ಕೆ ಕಲಿಸ್ಬೇಕಲ್ಲ, ಅದಕ್ಕೆ 2007ರಲ್ಲಿ ಅಣಕು ಚುನಾವಣೆ ಮಾಡಿದ್ರು. ಇಲ್ಲದ ನಾಲ್ಕು ಪಕ್ಷ, ಒಂದೊಂದಕ್ಕೂ ಒಂದೊಂದು ಬಣ್ಣ: ಹಳದಿ, ನೀಲಿ, ಕೆಂಪು, ಹಸಿರು. ಫಲಿತಾಂಶ ಏನ್ ಗೊತ್ತಾ? ಹಳದಿಗೆ 47ರಲ್ಲಿ 46. ಹಳದಿ ರಾಜನ ಬಣ್ಣ, ಅಲ್ಲಿಗೆ ಮುಗೀತು ಕಥೆ. ಹಾಗಾಗಿ ಮರುವರ್ಷ ಅಸಲಿ ಚುನಾವಣೆಯಲ್ಲಿ 45 ಬಂದಿದ್ದು ಒಂಥರಾ ಸುಧಾರಣೆನೇ ಅನ್ನಿ.

ಆ ಅಸಲಿ ಚುನಾವಣೆ 2008ರ ಮಾರ್ಚ್ 24ಕ್ಕೆ. ಇದ್ದಿದ್ದು ಎರಡೇ ಪಕ್ಷ. ಒಂದು ಡ್ರುಕ್ ಫುಯೆನ್ಸುಮ್ ಶೋಗ್ಪಾ, ಎಲ್ರೂ ಡಿಪಿಟಿ ಅಂತಾರೆ, ಅದರ ನಾಯಕ ಜಿಗ್ಮೆ ಥಿನ್ಲೆ. ಇನ್ನೊಂದು ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ, ಪಿಡಿಪಿ, ದೇಶದಲ್ಲಿ ಮೊದಲು ನೋಂದಣಿ ಆದ ಪಕ್ಷ ಇದೇ, ನಾಯಕ ಸಂಗೆ ನೆದುಪ್. ಇಬ್ಬರೂ ಆ ಸರದಿ ಪದ್ಧತಿಯಲ್ಲಿ ಎರಡೆರಡು ಸಲ ಸರ್ಕಾರ ನಡೆಸಿದವರೇ. ಈಗ ನಿಮ್ಮ 'ರಾಜನ ಕಡೆಯವರಾ' ಪ್ರಶ್ನೆಗೆ ಬರ್ತೀನಿ. ರಾಜನ ಕಡೆಯವರು ಅಂತ ಹೇಳೋದಾದ್ರೆ ಅದು ಈ ನೆದುಪ್, ನಾಲ್ಕನೇ ರಾಜರ ನಾಲ್ಕು ಜನ ರಾಣಿಯರು ಇವರ ಸ್ವಂತ ಅಕ್ಕತಂಗಿಯರು. ಹಂಗಾದ್ರೆ ಅವರೇ ಗೆಲ್ತಾರೆ ಅಂತ ಹೊರಗಿನವರೆಲ್ಲ ಅಂದ್ಕೊಂಡಿದ್ರೆ ಆಗಿದ್ದೇ ಬೇರೆ, ಪಕ್ಷ ಮಕಾಡೆ ಮಲಗಿದ್ದಲ್ಲದೆ ನೆದುಪ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತ್ರು. ತಮಾಷೆ ಏನಂದ್ರೆ ಪಿಡಿಪಿಗೆ ಓಟು ಬಿದ್ದಿದ್ದು ಶೇ 33, ಮೂರರಲ್ಲೊಂದು ಪಾಲು! ಸೀಟು ಮಾತ್ರ ಎರಡು. ನಮ್ಮ ಪದ್ಧತಿನೇ ಅವರದ್ದೂ, ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ಬಂತೋ ಅವರದ್ದು, ಉಳಿದ ಓಟೆಲ್ಲ ನೀರಿಗೆ.

ಗೆದ್ದ ಆ ಇಬ್ಬರು: ಗಾಸಾ ಜಿಲ್ಲೆಯಿಂದ ಕಾನೂನು ಓದಿದ್ದ ದಮ್ಚೋ ದೋರ್ಜಿ, ಹಾ ಜಿಲ್ಲೆಯ ಸೊಂಬೆಖಾದಿಂದ ಈ ಟೊಬ್ಗೆ. ಹುಟ್ಟಿದ್ದು 1965, ಹಾ ಕಣಿವೆ, ಆರು ಜನ ಅಣ್ಣತಮ್ಮಂದಿರಲ್ಲಿ ಒಬ್ರು. ಅಪ್ಪ ಭೂತಾನ್ ಮೊದಲ ಸಲ ಸೈನ್ಯ ಕಟ್ಟಿದಾಗ ಸೇರಿದ ಸಿಪಾಯಿ, ಅಮ್ಮ ಭಾರತಕ್ಕೂ ಭೂತಾನ್‌ಗೂ ಮೊದಲ ರಸ್ತೆ ಮಾಡ್ತಿದ್ದಾಗ ಆ ಕೆಲಸದಲ್ಲಿ ದುಡಿದವರು. ಶಾಲೆ ನಮ್ಮ ದೇಶದ್ದೇ, ಕಾಲಿಂಪಾಂಗ್‌ನ ಡಾ. ಗ್ರಹಾಮ್ಸ್ ಹೋಮ್ಸ್. ಅಲ್ಲಿಂದ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್, ವಾಪಸ್ ಬಂದು ಸರ್ಕಾರಿ ನೌಕರಿ, ಅದೂ ಯಾರೂ ಹೊಡೆದಾಡದ ಇಲಾಖೆ, ಹುಡುಗರಿಗೆ ಕಸುಬು ಕಲಿಸೋ ವೃತ್ತಿ ತರಬೇತಿ ವಿಭಾಗ. ನಡುವೆ 2004ರಲ್ಲಿ ಹಾರ್ವರ್ಡ್‌ನಿಂದ ಆಡಳಿತದ ಮಾಸ್ಟರ್ಸ್ ಡಿಗ್ರಿ. 2007ರಲ್ಲಿ ಕಾರ್ಮಿಕ ಸಚಿವಾಲಯದಲ್ಲಿ ನಿರ್ದೇಶಕರಾಗಿದ್ದವರು ರಾಜೀನಾಮೆ ಬಿಸಾಕಿ ಪಿಡಿಪಿ ಕಟ್ಟೋಕೆ ಬಂದ್ರು. ನಲವತ್ತು ದಾಟಿದ್ಮೇಲೆ ಖಾಯಂ ನೌಕರಿ ಬಿಟ್ಟು, ಹಿಂದೆ ಯಾರೂ ಮಾಡಿರದ ಕೆಲಸಕ್ಕೆ ಕೈ ಹಾಕೋದು ಅಂದ್ರೆ ಮನೆಯಲ್ಲಿ ಏನ್ ಅಂದಿರ್ತಾರೆ ಅಂತ ನೀವೇ ಊಹಿಸ್ಕೊಳ್ಳಿ.

ಪ್ರಶ್ನೆ: ಸಾರ್, ಇಬ್ಬರು ಕೂತ್ಕೊಂಡು ಸಭೆಯಲ್ಲಿ ಏನ್ ಕಿಸಿಯೋಕಾಗುತ್ತೆ? ವೋಟಿಂಗ್‌ಗೆ ಹಾಕಿದ್ರೆ 45-2 ಅಷ್ಟೇ ತಾನೆ. (ಮೈಸೂರಿನ ಲಾ ಸ್ಟೂಡೆಂಟ್)

ಅಷ್ಟೇ. ಅದಕ್ಕೇ ಅವ್ರು ವೋಟಿಂಗ್ ನೆಚ್ಕೊಂಡು ಕೂರಲಿಲ್ಲ, ನೀವು ಓದ್ತಿರೋ ಓದಿನ ದಾರಿ ಹಿಡಿದ್ರು.

ಮೊದಲು ಒಂದು ಮಾತು, ಇವ್ರೇನೂ ಹುಟ್ಟಾ ಹೀರೋಗಳಲ್ಲ. ಫಲಿತಾಂಶ ಬಂದ ಕೂಡ್ಲೇ ಇಬ್ಬರೂ, ಸರ್ಕಾರಿ ನೌಕರರು ಜನರ ಓಟು ತಿರುಗಿಸಿದ್ರು ಅಂತ ಹೇಳಿ ರಾಜೀನಾಮೆ ಕೊಟ್ಟಿದ್ರು. ಆಮೇಲೆ ಮನಸ್ಸು ಬದಲಾಯಿಸಿ ವಾಪಸ್ ತಗೊಂಡ್ರು. ಅವತ್ತು ತಗೊಳ್ಳದೇ ಹೋಗಿದ್ರೆ ಮೊದಲ ಪಾರ್ಲಿಮೆಂಟ್‌ನಲ್ಲಿ ವಿರೋಧ ಪಕ್ಷದ ಬೆಂಚೇ ಖಾಲಿ.

ಇನ್ನೊಂದು ವಿಷಯ ನಮ್ಮ ಕಣ್ಣಿಗೆ ವಿಚಿತ್ರ ಕಾಣುತ್ತೆ. ನಮ್ಮ ಲೋಕಸಭೆಯಲ್ಲಿ ಹತ್ತನೇ ಒಂದು ಭಾಗ ಸೀಟು ಇಲ್ಲ ಅಂತ 2014ರಿಂದ 2024ರ ತನಕ ಅಧಿಕೃತ ವಿರೋಧ ಪಕ್ಷದ ನಾಯಕರೇ ಇರಲಿಲ್ಲ ಅಲ್ವಾ, ಅಲ್ಲಿ 47ಕ್ಕೆ 2 ಅಂದ್ರೆ ಶೇ 5 ಕೂಡ ಆಗಲ್ಲ, ಆದ್ರೂ ಟೊಬ್ಗೆ ವಿರೋಧ ಪಕ್ಷದ ನಾಯಕ ಅಂತ ಆದ್ರು, ಯಾಕಂದ್ರೆ ಅವರ ಸಂವಿಧಾನದಲ್ಲೇ ವಿರೋಧ ಪಕ್ಷಕ್ಕೆ ಒಂದು ಪೂರ್ತಿ ವಿಧಿ ಇದೆ, ತಲೆ ಎಣಿಸಿ ಕುರ್ಚಿ ಕೊಡೋ ಲೆಕ್ಕ ಇಲ್ಲ. ನಾಯಕ ಒಬ್ರು, ಹಿಂಬಾಲಕರು ಒಬ್ರು!

ಈಗ ಕೇಸಿನ ಕಥೆ. 2010ರಲ್ಲಿ ಥಿನ್ಲೆ ಸರ್ಕಾರ ಹೊರಗಿಂದ ಬರೋ ಗಾಡಿಗಳ ಮೇಲೆ ತೆರಿಗೆ ಏರಿಸ್ತು. ರಾಜಧಾನಿ ಥಿಂಫು ರಸ್ತೆಯಲ್ಲಿ ಕಾರು ಜಾಸ್ತಿ ಆಗ್ತಿತ್ತು, ಕಾರಣ ಕೇಳೋಕೆ ಚೆನ್ನಾಗೇ ಇತ್ತು, ಹಳೇ ತೆರಿಗೆ ಕಾಯ್ದೆ ನಮಗೆ ಆ ಅಧಿಕಾರ ಕೊಡುತ್ತೆ ಅಂತ ಆದೇಶ ಹೊರಡಿಸಿದ್ರು, ಪಾರ್ಲಿಮೆಂಟ್ ಮುಂದೆ ತರಲಿಲ್ಲ. ಇವರಿಬ್ಬರ ತಕರಾರು ತೆರಿಗೆ ಸರೀನಾ ತಪ್ಪಾ ಅಂತ ಅಲ್ಲ. ಸಂವಿಧಾನದ ಪ್ರಕಾರ ತೆರಿಗೆ ಹಾಕೋದು, ಬದಲಾಯಿಸೋದು ಕಾನೂನಿನ ಮೂಲಕನೇ ಆಗ್ಬೇಕು, ಅಂದ್ರೆ ಪಾರ್ಲಿಮೆಂಟ್‌ಗೆ ಬರ್ಬೇಕು, ನೀವು ಅದನ್ನ ದಾಟ್ಕೊಂಡು ಹೋಗಿದೀರಿ ಅಂತ. ಸಭೆಯಲ್ಲಿ ಹೇಳಿ ಗೆಲ್ಲೋ ಹಾಗಿಲ್ಲ, ಹೈಕೋರ್ಟ್‌ಗೆ ಹೋದ್ರು. ಆ ದೇಶದ ಮೊಟ್ಟಮೊದಲ ಸಂವಿಧಾನ ಕೇಸ್ ಅದು. ಸಂವಿಧಾನ ಜಾರಿಗೆ ಬಂದು ಎರಡೂ ಚಿಲ್ಲರೆ ವರ್ಷ, ಉದಾಹರಣೆ ಕೊಡೋಕೆ ಹಿಂದಿನ ಒಂದು ತೀರ್ಪೂ ಇಲ್ಲ, ಒಂದು ಕಡೆ 45 ಸೀಟಿನ ಸರ್ಕಾರ, ಇನ್ನೊಂದು ಕಡೆ ಇವರಿಬ್ಬರು.

2010ರ ನವೆಂಬರ್‌ನಲ್ಲಿ ಹೈಕೋರ್ಟ್ ವಿರೋಧ ಪಕ್ಷದ ಪರ ತೀರ್ಪು ಕೊಡ್ತು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯ್ತು, 2011ರ ಫೆಬ್ರವರಿಯಲ್ಲಿ ಅಲ್ಲೂ ಸೋಲ್ತು. ನನ್ನ ಕೇಳಿದ್ರೆ ಟೊಬ್ಗೆ ಅವರ ರಾಜಕೀಯದಲ್ಲಿ ಪ್ರಧಾನಿ ಆಗಿದ್ದಕ್ಕಿಂತ ದೊಡ್ಡ ದಿನ ಇದೇ. ಪ್ರಧಾನಿ ಯಾರಾದ್ರೂ ಒಬ್ರು ಆಗೇ ಆಗ್ತಿದ್ರು, ಆದ್ರೆ ಸರ್ಕಾರದ ಮೇಲೆ ಕೇಸ್ ಹಾಕ್ಬಹುದು, ಹಾಕಿ ಗೆಲ್ಲಲೂಬಹುದು, ಗೆದ್ದವರನ್ನ ಯಾರೂ ದೇಶದ್ರೋಹಿ ಅನ್ನಲ್ಲ ಅನ್ನೋದನ್ನ, ಮೂರು ವರ್ಷದ ಹಿಂದೆ ಹಳದಿ ಬಣ್ಣಕ್ಕೆ ಕಣ್ಮುಚ್ಚಿ ಓಟು ಒತ್ತಿದ್ದ ಜನಕ್ಕೆ ಕಲಿಸಿದ್ದು ಈ ಕೇಸು. ಅವತ್ತು ಮುಖ್ಯ ನ್ಯಾಯಮೂರ್ತಿ ಆಗಿದ್ದ ಸೋನಮ್ ತೊಬ್ಗ್ಯೆ ಅವರ ಹೆಸರು ನೆನಪಲ್ಲಿಡಿ, ಮುಂದೆ ಒಂದು ಸಲ ಬರುತ್ತೆ.

ಇದರ ನಡುವೆ 2009ರಲ್ಲಿ ನೆದುಪ್ ಬಿಟ್ಟುಹೋದ ಪಕ್ಷದ ಅಧ್ಯಕ್ಷಗಿರಿನೂ ಇವರ ತಲೆಗೇ ಬಂತು, ಅದರ ಜೊತೆ ಚುನಾವಣೆಗೆ ಮಾಡಿದ್ದ ಸಾಲಾನೂ. ದಿನ ಬಿಟ್ಟು ದಿನ ತಮ್ಮದೇ ಬ್ಲಾಗ್‌ನಲ್ಲಿ ಬರೀತಿದ್ರು, ಸರ್ಕಾರಕ್ಕೆ ಪ್ರಶ್ನೆ, ಒಂದು ಫೋಟೋ, ಊರಿನ ಸುದ್ದಿ, ಹೀಗೆ. ಸಭೆಯಲ್ಲಿ ದನಿ ಇಲ್ದೋರು ಇನ್ನೆಲ್ಲಿ ಮಾತಾಡ್ಬೇಕು ಹೇಳಿ.

ಪ್ರಶ್ನೆ: ನಾನು ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಮಾಡೋದು. ಭೂತಾನ್‌ಗೆ ಇಂಡಿಯಾ ಗ್ಯಾಸ್ ಸಬ್ಸಿಡಿ ಕಟ್ ಮಾಡಿದ್ದಕ್ಕೇ ಟೊಬ್ಗೆ ಗೆದ್ದಿದ್ದಂತೆ, ನಿಜಾನಾ? (ಹುಬ್ಬಳ್ಳಿ)

ಅರ್ಧ ನಿಜ. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥ ಆಗುತ್ತೆ, ಸಿಲಿಂಡರ್ ರೇಟಿಗೆ ಐವತ್ತು ರೂಪಾಯಿ ಏರಿದ್ರೆ ಕೌಂಟರ್ ಮುಂದೆ ಏನ್ ನಡೆಯುತ್ತೆ ಅಂತ ದಿನಾ ನೋಡೋರು ನೀವು.

ಅಲ್ಲಿ ಚುನಾವಣೆ ಎರಡು ಸುತ್ತು. ಮೊದಲ ಸುತ್ತಲ್ಲಿ ಎಲ್ಲಾ ಪಕ್ಷ ನಿಲ್ತಾವೆ, ಜನ ಪಕ್ಷಕ್ಕೆ ಓಟು ಹಾಕ್ತಾರೆ. ದೇಶದಲ್ಲಿ ಅತಿ ಹೆಚ್ಚು ಓಟು ಬಂದ ಎರಡೇ ಪಕ್ಷ ಎರಡನೇ ಸುತ್ತಿಗೆ ಹೋಗೋದು, ಅಲ್ಲಿ 47 ಕ್ಷೇತ್ರದಲ್ಲೂ ನೇರಾನೇರ ಹಣಾಹಣಿ, ಗೆದ್ದೋರು ಸರ್ಕಾರ, ಸೋತೋರು ವಿರೋಧ ಪಕ್ಷ, ಮೂರನೆಯವರಿಗೆ ಜಾಗನೇ ಇಲ್ಲ. 2013ರ ಮೇ 31ಕ್ಕೆ ಮೊದಲ ಸುತ್ತಾದಾಗ ಡಿಪಿಟಿ 33 ಕ್ಷೇತ್ರದಲ್ಲಿ ಮುಂದಿತ್ತು, ಪಿಡಿಪಿ ಬರೀ 12. ಎಲ್ರೂ ಥಿನ್ಲೆ ಮತ್ತೆ ಬಂದ್ರು ಅಂತಾನೇ ಲೆಕ್ಕ ಹಾಕಿದ್ರು.

ಜುಲೈ 1ಕ್ಕೆ, ಎರಡನೇ ಸುತ್ತಿಗೆ ಎರಡು ವಾರ ಇಲ್ಲ, ಭಾರತ ಅಡುಗೆ ಗ್ಯಾಸ್‌ಗೆ, ಸೀಮೆಎಣ್ಣೆಗೆ ಕೊಡ್ತಿದ್ದ ಸಬ್ಸಿಡಿ ನಿಂತೋಯ್ತು. ಸಿಲಿಂಡರ್ ರೇಟು ರಾತ್ರೋರಾತ್ರಿ ದುಪ್ಪಟ್ಟಿಗಿಂತ ಮೇಲೆ. ಭೂತಾನ್‌ನ ಪಂಚವಾರ್ಷಿಕ ಯೋಜನೆ ಜೂನ್ 30ಕ್ಕೆ ಮುಗೀತು, ಹೊಸದು ಇನ್ನೂ ತೀರ್ಮಾನ ಆಗಿಲ್ಲ, ಅಷ್ಟೇ ಕಾರಣ ಅಂತ ದಿಲ್ಲಿ ಹೇಳ್ತು. ಥಿಂಫುವಿನಲ್ಲಿ ಬಹಳ ಜನ ನಂಬಲಿಲ್ಲ. 2012ರ ಜೂನ್‌ನಲ್ಲಿ ಥಿನ್ಲೆ ಬ್ರೆಜಿಲ್‌ನ ರಿಯೋದಲ್ಲಿ ಚೀನಾ ಪ್ರಧಾನಿ ವೆನ್ ಜಿಯಾಬಾವೊ ಅವರನ್ನ ಭೇಟಿ ಮಾಡಿದ್ರಲ್ಲ, ಅದರ ಸಿಟ್ಟು ಇದು ಅಂತ ಮಾತು. ಹೊಸ ಸರ್ಕಾರ ಬಂದ್ಮೇಲೆ ಆಗಸ್ಟ್ 1ರಿಂದ ಸಬ್ಸಿಡಿ ವಾಪಸ್ ಬಂತು ನೋಡಿ, ಅನುಮಾನ ಇದ್ದವರಿಗೆ ಅದೇ ಸಾಕಾಯ್ತು. ನನಗೂ ಆ ದಿನಾಂಕಗಳು ಬರೀ ಕಾಕತಾಳೀಯ ಅಂತ ಅನ್ಸಲ್ಲ, ಅಥವಾ ಕಾಕತಾಳೀಯನೇ ಆಗಿದ್ರೆ ದಿಲ್ಲಿಯ ಯಾವುದೋ ಅಧಿಕಾರಿಗೆ ಕ್ಯಾಲೆಂಡರ್ ನೋಡೋಕೆ ಬರ್ತಿರಲಿಲ್ಲ.

ಇನ್ನರ್ಧ ಏನು? ಗ್ಯಾಸ್‌ಗಿಂತ ಒಂದು ವರ್ಷ ಮೊದಲೇ, 2012ರಲ್ಲಿ, ಅಲ್ಲಿ ಭಾರತದ ರೂಪಾಯಿಗೇ ಬರ ಬಂದಿತ್ತು. ಅವರ ಎನ್ಗುಲ್ಟ್ರಮ್ಮೂ ನಮ್ಮ ರೂಪಾಯಿಯೂ ಒಂದಕ್ಕೊಂದು ಸಮ, ಆದ್ರೆ ಅಕ್ಕಿ ಎಣ್ಣೆ ಸಿಮೆಂಟು ಎಲ್ಲಾ ನಮ್ಮಿಂದನೇ ಹೋಗ್ಬೇಕು, ಅದಕ್ಕೆ ರೂಪಾಯಿನೇ ಬೇಕು, ಅದು ಬ್ಯಾಂಕ್‌ಗಳಲ್ಲಿ ಇಲ್ಲ. ಸಾಲ ನಿಂತ್ವು, ಕಾರು ತರಿಸೋದೇ ನಿಷೇಧ ಆಯ್ತು. ವ್ಯಾಪಾರಿಗಳು ಅವಾಗ್ಲೇ ಥಿನ್ಲೆ ಮೇಲೆ ಕುದೀತಿದ್ರು. ಎರಡನೇದು, ಮೊದಲ ಸುತ್ತಲ್ಲಿ ಮೂರನೇ ಸ್ಥಾನಕ್ಕೆ ಬಂದು ಹೊರಗೆ ಬಿದ್ದ ಡಿಎನ್‌ಟಿ ಅನ್ನೋ ಹೊಸ ಪಕ್ಷದ ನಾಯಕಿ ದೋರ್ಜಿ ಚೋದೆನ್ ಅವರೇ ಪಿಡಿಪಿಗೆ ಬಂದು ಸೇರಿದ್ರು. ಆಮೇಲೆ ದೇಶದ ಮೊದಲ ಮಹಿಳಾ ಮಂತ್ರಿ ಆಗಿದ್ದೂ ಅವರೇ. ಟೊಬ್ಗೆ ಕೊಟ್ಟ ಭರವಸೆಗಳೂ ನೆಲದ ಮೇಲಿನವು, ಪ್ರತಿ ಗೆವೋಗ್‌ಗೂ, ಅಂದ್ರೆ ನಮ್ಮ ಗ್ರಾಮ ಪಂಚಾಯಿತಿ ಥರ ಅನ್ಕೊಳ್ಳಿ, ಒಟ್ಟು 205 ಇವೆ, ಒಂದೊಂದು ಪವರ್ ಟಿಲ್ಲರ್. ಬೆಟ್ಟದ ಮೆಟ್ಟಿಲು ಗದ್ದೆ ಉಳೋಕೆ ಎತ್ತೂ ಸಿಗ್ದೆ ಆಳೂ ಸಿಗ್ದೆ ಒದ್ದಾಡೋ ಮನೆಗೆ ಟಿಲ್ಲರ್ ಅಂದ್ರೆ ಏನು ಅಂತ ನಮ್ಮ ಮಲೆನಾಡಿನವರನ್ನ ಕೇಳಿ ಸಾಕು.

ಜುಲೈ 13ರ ಎರಡನೇ ಸುತ್ತು: ಪಿಡಿಪಿ 32, ಡಿಪಿಟಿ 15. ಎರಡರಿಂದ ಮೂವತ್ತೆರಡು. ಜೊತೆಗಿದ್ದ ಆ ಇನ್ನೊಬ್ರು, ದಮ್ಚೋ ದೋರ್ಜಿ, ಗೃಹಮಂತ್ರಿ ಆದ್ರು. ಥಿನ್ಲೆ ಮಾತ್ರ ವಿರೋಧ ಪಕ್ಷದ ಕುರ್ಚಿಯಲ್ಲಿ ಕೂರೋಕೆ ಒಪ್ಪದೆ ಸಂಸತ್ ಸ್ಥಾನಕ್ಕೇ ರಾಜೀನಾಮೆ ಕೊಟ್ಟು ಹೊರಟ್ರು. ಹದಿನೈದು ಜನ ಇದ್ರೂ!

ಪ್ರಶ್ನೆ: ಭೂತಾನ್ ಅಂದ್ರೆ ಸಂತೋಷದ ದೇಶ ಅಲ್ವಾ, ಇವ್ರು ಸಂತೋಷ ಸೂಚ್ಯಂಕಕ್ಕೆ ಏನು ಮಾಡಿದ್ರು? (ಹಾಸನದ ಪಿಯುಸಿ ಹುಡುಗಿ)

ಕಡಿಮೆ ಮಾತಾಡಿದ್ರು ಕಣಮ್ಮಾ. ಒಟ್ಟು ರಾಷ್ಟ್ರೀಯ ಸಂತೋಷ ಅನ್ನೋದು ನಾಲ್ಕನೇ ರಾಜರ ಕಲ್ಪನೆ, ಅದನ್ನ ವಿಶ್ವಸಂಸ್ಥೆ ತನಕ ಹೊತ್ಕೊಂಡು ಹೋಗಿದ್ದು ಥಿನ್ಲೆ, ಮಾರ್ಚ್ 20ನ್ನ ಸಂತೋಷದ ದಿನ ಅಂತ ಆಚರಿಸೋದೂ ಆ ಪ್ರಯತ್ನದಿಂದಾನೇ ಬಂದಿದ್ದು. ಟೊಬ್ಗೆ ಬಂದವರೇ, ಸರ್ಕಾರ ಸಂತೋಷದ ಬಗ್ಗೆ ಭಾಷಣ ಮಾಡ್ತಾ ಕೂತ್ರೆ ಕೆಲಸ ಹಿಂದೆ ಬೀಳುತ್ತೆ, ಕೆಲಸ ಇಲ್ಲ, ಸಾಲ ಇದೆ, ಮೊದಲು ಅದು ನೋಡೋಣ ಅನ್ನೋ ಧಾಟಿಯಲ್ಲಿ ಮಾತಾಡಿದ್ರು. ಹೊರದೇಶದ ಪತ್ರಕರ್ತರಿಗೆ ಇದು ದೇವಸ್ಥಾನದ ಅರ್ಚಕರೇ ಪ್ರಸಾದ ಬೇಡ ಅಂದಹಾಗೆ ಕೇಳಿಸ್ತು.

ಅದರ ಬದ್ಲು ಅವರು ಹಿಡಿದಿದ್ದು ಪರಿಸರ. 2014ರಲ್ಲಿ ನಿಸ್ಸಾನ್ ಕಂಪನಿ ಜೊತೆ ಎಲೆಕ್ಟ್ರಿಕ್ ಕಾರಿಗೆ ಒಪ್ಪಂದ, 2016ರಲ್ಲಿ ಟೆಡ್ ವೇದಿಕೆ ಮೇಲೆ ಅವರ ಸಾಂಪ್ರದಾಯಿಕ ಉಡುಪು, ಮೊಣಕಾಲುದ್ದದ ಘೋ ಉಟ್ಕೊಂಡು ಬಂದು, ನಮ್ಮ ದೇಶ ಬಿಡೋ ಇಂಗಾಲಕ್ಕಿಂತ ನಮ್ಮ ಕಾಡು ಹೀರೋದೇ ಜಾಸ್ತಿ ಅಂತ ನಗ್ತಾ ನಗಿಸ್ತಾ ಹೇಳಿದ್ರು. ದೇಶದ ಶೇ 60 ನೆಲ ಸದಾ ಕಾಡಾಗೇ ಇರ್ಬೇಕು ಅಂತ ಅವರ ಸಂವಿಧಾನದಲ್ಲೇ ಇದೆ. ಭಾಷಣ ಸಿಕ್ಕಿದ್ರೆ ನೋಡು, ಇಂಗ್ಲಿಷ್ ಸುಲಭವಾಗಿದೆ. ಅದನ್ನ ನೋಡಿದ ಪ್ರಪಂಚದ ಜನಕ್ಕೆಲ್ಲ ಓಟಿದ್ದಿದ್ರೆ ಅವ್ರು ಸೋಲ್ತಾನೇ ಇರಲಿಲ್ಲ.

ಪ್ರಶ್ನೆ: ದೋಕ್ಲಾಂ ಗಲಾಟೆ ಇವರ ಕಾಲದಲ್ಲೇ ತಾನೆ? ಅವಾಗ ಇವರ ಬಾಯಿಗೆ ಏನಾಗಿತ್ತು? (ಬೆಳಗಾವಿಯ ಮಾಜಿ ಸೈನಿಕರು)

ಇವರ ಕಾಲದಲ್ಲೇ ಸಾರ್, 2017ರ ಜೂನ್‌ನಿಂದ ಆಗಸ್ಟ್ 28ರ ತನಕ, 70 ದಿನದ ಮೇಲೆ ನಮ್ಮ ಸೈನ್ಯ, ಚೀನಾ ಸೈನ್ಯ ಎದುರುಬದುರು ನಿಂತಿದ್ವು. ಅದೂ ಇವರ ಸ್ವಂತ ಹಾ ಜಿಲ್ಲೆಯ ಪಕ್ಕದಲ್ಲೇ. ನಮ್ಮ ಸೇನೆಯ ತರಬೇತಿ ತಂಡ ಹಾನಲ್ಲಿ ದಶಕಗಳಿಂದ ಇರೋದು ನಿಮಗೆ ಗೊತ್ತೇ ಇರುತ್ತೆ. ಜೂನ್ 29ಕ್ಕೆ ಭೂತಾನ್ ವಿದೇಶಾಂಗ ಇಲಾಖೆ ಒಂದು ಚಿಕ್ಕ ಹೇಳಿಕೆ ಕೊಡ್ತು, ಚೀನಾ ನಮ್ಮ ನೆಲದಲ್ಲಿ ರಸ್ತೆ ಮಾಡ್ತಿದೆ, ಇದು 1988 ಮತ್ತು 1998ರ ಒಪ್ಪಂದಗಳಿಗೆ ವಿರುದ್ಧ ಅಂತ. ಅದಾದ್ಮೇಲೆ ಹೆಚ್ಚುಕಮ್ಮಿ ಮೌನ. ಎರಡು ಆನೆ ನಡುವೆ ನಿಂತಿರೋನು ಕೂಗಾಡಲ್ಲ ಸಾರ್. ಆ ಮೌನನ ನಾನು ತಪ್ಪು ಅಂತ ಹೇಳಲಾರೆ.

ಪ್ರಶ್ನೆ: ಇಷ್ಟೆಲ್ಲಾ ಮಾಡಿದ್ರೆ 2018ರಲ್ಲಿ ಸೋತಿದ್ಯಾಕೆ? (ತುಮಕೂರು, ಮಂಗಳೂರು, ಸಾಗರದಿಂದ ಮೂವರು ಇದೇ ಕೇಳಿದಾರೆ)

ಸೋತಿದ್ದು ಬರೀ ಅಲ್ಲ, ಫೈನಲ್‌ಗೇ ಹೋಗಲಿಲ್ಲ. 2018ರ ಸೆಪ್ಟೆಂಬರ್ 15ರ ಮೊದಲ ಸುತ್ತಲ್ಲಿ ಡಿಎನ್‌ಟಿಗೆ 92,722 ಓಟು, ಡಿಪಿಟಿಗೆ 90,020, ಪಿಡಿಪಿಗೆ 79,883. ಹತ್ತು ಸಾವಿರ ಚಿಲ್ಲರೆ ಓಟಲ್ಲಿ ಕುರ್ಚಿ ಮೇಲಿದ್ದ ಪ್ರಧಾನಿ ಮನೆಗೆ. ನಮ್ಮಲ್ಲಿ ಒಂದು ಲೋಕಸಭಾ ಕ್ಷೇತ್ರದಲ್ಲೇ 15 ಲಕ್ಷಕ್ಕಿಂತ ಹೆಚ್ಚು ಮತದಾರರಿರ್ತಾರೆ, ಅಲ್ಲಿ ಇಡೀ ದೇಶದ ಜನಸಂಖ್ಯೆನೇ 8 ಲಕ್ಷ ಮುಟ್ಟಲ್ಲ. ಅದರಲ್ಲೂ ಭಿಕ್ಷುಗಳಿಗೆ, ಧರ್ಮದ ಕೆಲಸದಲ್ಲಿರೋರಿಗೆ ಓಟಿಲ್ಲ.

ಕಾರಣ ಒಂದೇ ಅಂತ ಹೇಳೋಕಾಗಲ್ಲ. ಆರ್ಥಿಕ ಲೆಕ್ಕ ನೋಡಿದ್ರೆ 2013ಕ್ಕಿಂತ ಚೆನ್ನಾಗೇ ಇತ್ತು. ಆದ್ರೆ ಲೆಕ್ಕ ಚೆನ್ನಾಗಿರೋದು ಬೇರೆ, ಡಿಗ್ರಿ ಮುಗಿಸಿ ಥಿಂಫುಗೆ ಬಂದ ಹುಡುಗನಿಗೆ ಕೆಲಸ ಸಿಗೋದು ಬೇರೆ. ಅದೇ ಹೊತ್ತಿಗೆ ಡಿಎನ್‌ಟಿ ಒಬ್ಬ ಡಾಕ್ಟರನ್ನ ಮುಂದೆ ತಂತು, ಲೋಟೆ ಶೆರಿಂಗ್, ಬಾಂಗ್ಲಾದೇಶದ ಮೈಮೆನ್‌ಸಿಂಗ್‌ನಲ್ಲಿ ಎಂಬಿಬಿಎಸ್ ಮಾಡಿದ ಸರ್ಜನ್. ಇವ್ರು ಪ್ರಧಾನಿ ಆದ್ಮೇಲೂ ಶನಿವಾರ ಶನಿವಾರ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡೋರು, ಅದೇ ನನಗೆ ವಿಶ್ರಾಂತಿ ಅನ್ನೋ ಥರ ಹೇಳ್ಕೊಂಡಿದ್ರು. ಇನ್ನೊಂದು, ಅಲ್ಲಿನ ಮತದಾರರಿಗೆ ಒಂದು ಚಟ ಇದೆ: 2013ರಲ್ಲಿ ಆಳುವ ಪಕ್ಷನ ಇಳಿಸಿದ್ರು, 2018ರಲ್ಲಿ ಇಳಿಸಿದ್ರು, ಮುಂದೆ ಮತ್ತೆ ಇಳಿಸಿದ್ರು. ರಾಜನಿಗೆ ಕೈ ಮುಗಿಯೋ ಜನ ಪ್ರಧಾನಿನ ಮಾತ್ರ ಒಂದೇ ಅವಧಿಗೆ ಅಂತ ಇಟ್ಕೊಳ್ಳೋದು ನೋಡಿದ್ರೆ ನನಗಂತೂ ಮಜಾ ಅನ್ಸುತ್ತೆ.

ಇಳಿಸೋದು ಸುಲಭ ಆಗೋಕೆ ಒಂದು ವ್ಯವಸ್ಥೆನೂ ಇದೆ. ಅವಧಿ ಮುಗಿದ ಕೂಡ್ಲೇ ಸರ್ಕಾರ ಕೆಳಗಿಳಿದು, ಚುನಾವಣೆ ಮುಗಿಯೋ ತನಕ ಮಧ್ಯಂತರ ಸರ್ಕಾರ ಬರುತ್ತೆ, ಅದರ ಮುಖ್ಯಸ್ಥರು ಸಾಮಾನ್ಯವಾಗಿ ಮುಖ್ಯ ನ್ಯಾಯಮೂರ್ತಿ. ಹಾಗಾಗಿ ಪ್ರಧಾನಿ ಅನ್ನೋ ಗತ್ತಲ್ಲಿ, ಸರ್ಕಾರಿ ಗಾಡಿಯಲ್ಲಿ ಪ್ರಚಾರಕ್ಕೆ ಹೋಗೋಕಾಗಲ್ಲ. 2013ರಲ್ಲಿ ಆ ಮಧ್ಯಂತರ ಸರ್ಕಾರ ನಡೆಸಿದ್ದು ಯಾರು ಗೊತ್ತಾ, ಗಾಡಿ ತೆರಿಗೆ ಕೇಸಿನ ಕಾಲದ ಅದೇ ಸೋನಮ್ ತೊಬ್ಗ್ಯೆ.

ಪ್ರಶ್ನೆ: ಅಲ್ಲಿ ರೆಸಾರ್ಟ್ ಇದೆಯಾ? (ಬೆಂಗಳೂರು)

ಇದೆ, ಬಹಳ ದುಬಾರಿ, ಟೂರಿಸ್ಟ್‌ಗಳಿಗೆ ಮಾತ್ರ. ನೀವು ಕೇಳಿದ್ದು ಆ ಅರ್ಥದಲ್ಲಲ್ಲ ಅಂತ ಗೊತ್ತು. ಗೆದ್ದ ಸದಸ್ಯರು ಆಳುವ ಪಕ್ಷದಿಂದ ವಿರೋಧಕ್ಕಾಗ್ಲಿ ಅಲ್ಲಿಂದ ಇಲ್ಲಿಗಾಗ್ಲಿ ಒಬ್ಬೊಬ್ಬರಾಗೂ ಗುಂಪಾಗೂ ಹಾರೋ ಹಾಗಿಲ್ಲ ಅಂತ ಸಂವಿಧಾನದಲ್ಲೇ ಬರೆದಿದಾರೆ. ಆ 'ಗುಂಪಾಗಿ' ಅನ್ನೋ ಪದ ಹಾಕಿದವರು ಯಾರೋ ನಮ್ಮ ಪೇಪರ್ ಓದ್ತಿದ್ರು ಅನ್ಸುತ್ತೆ.

ಪ್ರಶ್ನೆ: ಮತ್ತೆ ಹೇಗೆ ವಾಪಸ್ ಬಂದ್ರು? ಮುಂದಿನ ಸಲಾನೂ ಅವರೇನಾ? (ಚಿತ್ರದುರ್ಗ)

ಐದು ವರ್ಷ ಸಭೆಯಲ್ಲಿ ಅವರ ಪಕ್ಷಕ್ಕೆ ಒಂದು ಸೀಟೂ ಇರಲಿಲ್ಲ, ಎರಡು ಸೀಟಿದ್ದ ಕಾಲನೇ ವಾಸಿ ಅನ್ನೋ ಹಾಗೆ. ಅಷ್ಟರಲ್ಲಿ ಕೋವಿಡ್ ಬಂತು. ಡಾಕ್ಟರ್ ಪ್ರಧಾನಿ ಅದನ್ನ ನಿಭಾಯಿಸಿದ್ದು ನಿಜಕ್ಕೂ ಮೆಚ್ಚೋ ಹಾಗೆ, 2021ರ ಮಾರ್ಚ್ ಕೊನೆಯಿಂದ ಎರಡು ವಾರ ಆಗೋದ್ರೊಳಗೆ ಭಾರತ ಕಳಿಸಿದ ಲಸಿಕೆ ದೇಶದ ಬಹುಪಾಲು ವಯಸ್ಕರ ತೋಳಿಗೆ ಹೋಗಿತ್ತು. ಆದ್ರೆ ಗಡಿ ಮುಚ್ಚಿ ಟೂರಿಸಂ ಮಲಗ್ತು, ತೆರೆದಾಗ ಒಂದು ರಾತ್ರಿಗೆ 200 ಡಾಲರ್ ಶುಲ್ಕ ಅಂದ್ರು, ಜನ ಬರಲಿಲ್ಲ, 2023ರಲ್ಲಿ ಅದನ್ನ 100ಕ್ಕೆ ಇಳಿಸ್ಬೇಕಾಯ್ತು. 2022ರಲ್ಲಿ ಯುವಕರ ನಿರುದ್ಯೋಗ ಸುಮಾರು ಶೇ 29. ಮೇಷ್ಟ್ರು, ನರ್ಸು, ಗುಮಾಸ್ತರು ಅಂತ ಓದಿದವರೆಲ್ಲ ಆಸ್ಟ್ರೇಲಿಯಾಕ್ಕೆ ಸಾಲುಗಟ್ಟಿ ಹೊರಟ್ರು. ನಮ್ಮ ಹಳ್ಳಿಗಳಲ್ಲಿ ಬೆಂಗಳೂರಿಗೆ ಹೋದ ಮಗನ ಕೋಣೆಗೆ ಬೀಗ ಬಿದ್ದಿರುತ್ತಲ್ಲ, ಅಲ್ಲಿ ಆಫೀಸುಗಳಿಗೇ ಆ ಗತಿ.

2023ರ ನವೆಂಬರ್ 30ರ ಮೊದಲ ಸುತ್ತಲ್ಲಿ ಐದು ಪಕ್ಷ. ಪಿಡಿಪಿ ಶೇ 42ಕ್ಕೂ ಹೆಚ್ಚು ಓಟು ತಗೊಂಡು ಮೊದಲು, ಆಳುತ್ತಿದ್ದ ಡಿಎನ್‌ಟಿ ನಾಲ್ಕನೇ ಸ್ಥಾನ. 2024ರ ಜನವರಿ 9ಕ್ಕೆ ಎರಡನೇ ಸುತ್ತು, ಹೊಸ ಪಕ್ಷ ಬಿಟಿಪಿ ಎದುರು 30-17. ಅದೇ ತಿಂಗಳ 28ಕ್ಕೆ ಟೊಬ್ಗೆ ಎರಡನೇ ಸಲ ಪ್ರಧಾನಿ. ಮಾರ್ಚ್‌ನಲ್ಲಿ ದಿಲ್ಲಿಗೆ ಬಂದ್ರು, ಅದೇ ತಿಂಗಳು ಮೋದಿ ಥಿಂಫುಗೆ ಹೋದ್ರು, ಐದು ವರ್ಷಕ್ಕೆ 10,000 ಕೋಟಿ ರೂಪಾಯಿ ನೆರವು ಅಂತ ಆಯ್ತು, ಹಿಂದಿನ ಯೋಜನೆಗೆ ಇದ್ದಿದ್ದು 4,500 ಕೋಟಿ. ಗ್ಯಾಸ್ ಸಿಲಿಂಡರ್‌ನಿಂದ ಅಧಿಕಾರಕ್ಕೆ ಬಂದ್ರು ಅನ್ನೋ ಮಾತು ಅಂಟಿಸ್ಕೊಂಡ ಮನುಷ್ಯ ದಿಲ್ಲಿ ಜೊತೆ ಸಂಬಂಧನ ಎಷ್ಟು ಜೋಪಾನ ಮಾಡ್ತಾರೆ ಅಂತ ಇದರಲ್ಲೇ ಗೊತ್ತಾಗುತ್ತೆ.

ಒಂದು ಮಾತು ಮಾತ್ರ ಮರೀಬೇಡಿ, ಅಲ್ಲಿನ ದೊಡ್ಡ ಯೋಚನೆಗಳು ಇವತ್ತಿಗೂ ಬಹುಪಾಲು ಅರಮನೆಯಿಂದನೇ ಬರೋದು. ಅಸ್ಸಾಂ ಗಡಿಯ ಗೆಲೆಫುನಲ್ಲಿ ಹೊಸ ನಗರ ಕಟ್ತೀವಿ ಅಂತ 2023ರ ಡಿಸೆಂಬರ್ 17ಕ್ಕೆ ಘೋಷಿಸಿದ್ದು ರಾಜ, ಎರಡು ಸುತ್ತಿನ ಮಧ್ಯೆ, ಚುನಾಯಿತ ಸರ್ಕಾರನೇ ಇಲ್ದಿದ್ದಾಗ. ಆ ನಗರಕ್ಕೆ ಗವರ್ನರ್ ಆಗಿ ಬಂದಿದ್ದು ಸೋತ ಡಾಕ್ಟರ್ ಲೋಟೆ ಶೆರಿಂಗ್ ಅವರೇ. ಟೊಬ್ಗೆ ಕೈಲಿರೋದು ಉಳಿದ ದೇಶದ ಸಂಬಳ, ರಸ್ತೆ, ಕೆಲಸ, ಆಸ್ಟ್ರೇಲಿಯಾ ವಿಮಾನ.

ಮುಂದಿನ ಸಲ? ಇಲ್ಲ. ಒಬ್ಬರು ಎರಡು ಅವಧಿಗಿಂತ ಹೆಚ್ಚು ಪ್ರಧಾನಿ ಆಗೋ ಹಾಗಿಲ್ಲ, ಅದೂ ಸಂವಿಧಾನದಲ್ಲೇ. ಗೆದ್ರೂ ಸೋತ್ರೂ ಇದೇ ಕೊನೆ.

ಪ್ರಶ್ನೆ: ಭೂತಾನ್ ಹೊಗಳೋದೇ ಹೊಗಳೋದು. ಹೊರಗೆ ಹಾಕಿದ ನೇಪಾಳಿ ಭಾಷೆಯವರ ಬಗ್ಗೆ ಬರೆಯೋಕೆ ಪೆನ್ನಲ್ಲಿ ಇಂಕ್ ಇಲ್ವಾ? ನಿಮ್ಮಂಥ ಬಕೆಟ್ ಹಿಡಿಯೋ ಪತ್ರಕರ್ತರು ಇರೋದ್ರಿಂದಾನೇ... (ಊರು ಬರೆದಿಲ್ಲ)

ಬೈಗುಳ ಬಿಟ್ರೆ ಪ್ರಶ್ನೆ ಸರಿಯಾಗೇ ಇದೆ. 1980ರ ದಶಕದ ಕೊನೆಗೆ ಪೌರತ್ವದ ಲೆಕ್ಕ ಬಿಗಿ ಮಾಡಿ, ಒಂದೇ ಉಡುಪು ಒಂದೇ ಭಾಷೆ ಅಂತ ಒತ್ತಾಯ ಬಂದಾಗ ದಕ್ಷಿಣ ಭೂತಾನ್‌ನ ನೇಪಾಳಿ ಮಾತಾಡೋ ಲೋಟ್‌ಶಂಪಾ ಜನ ಪ್ರತಿಭಟಿಸಿದ್ರು, ಸರ್ಕಾರ ಗಟ್ಟಿಯಾಗಿ ಹೊಡೀತು, 1990ರ ದಶಕದಲ್ಲಿ ಸುಮಾರು ಒಂದು ಲಕ್ಷ ಜನ ಪೂರ್ವ ನೇಪಾಳದ ಶಿಬಿರಗಳಿಗೆ ಬಂದು ಬಿದ್ರು. ಅಷ್ಟು ಪುಟ್ಟ ದೇಶಕ್ಕೆ ಒಂದು ಲಕ್ಷ ಅಂದ್ರೆ ಲೆಕ್ಕ ಹಾಕಿ. 2007ರ ನಂತರ ಬಹುಪಾಲು ಜನ ಅಮೆರಿಕ ಮತ್ತು ಬೇರೆ ದೇಶಗಳಲ್ಲಿ ನೆಲೆ ಕಂಡ್ರು, ಊರಿಗೆ ಯಾರಿಗೂ ದಾರಿ ತೆರೀಲಿಲ್ಲ. ಆಗ ಟೊಬ್ಗೆ ರಾಜಕೀಯದಲ್ಲಿರಲಿಲ್ಲ, ನಿಜ. ಆದ್ರೆ ವಿರೋಧ ಪಕ್ಷದ ನಾಯಕರಾಗಿ, ಆಮೇಲೆ ಪ್ರಧಾನಿಯಾಗಿ, ಎರಡೂ ಕುರ್ಚಿಯಲ್ಲಿ ಕೂತವರು ಈ ಬಾಗಿಲನ್ನ ತಟ್ಟಲಿಲ್ಲ. ಅಲ್ಲಿ ಎಲ್ಲಾ ಪಕ್ಷದವರೂ ಒಟ್ಟಾಗಿ ಸುಮ್ನಿರೋ ವಿಷಯ ಇದೊಂದೇ. ಗಾಡಿ ತೆರಿಗೆಗೆ ಕೋರ್ಟ್ ಹತ್ತಿದವರು ಇದಕ್ಕೆ ಹತ್ತಲಿಲ್ಲ ಅಂತ ನೀವು ಹೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಮುಂದಿನ ಸಲ ಊರಿನ ಹೆಸರು ಬರೀರಿ.

ಪ್ರಶ್ನೆ: ಒಬ್ರು ಲೋಟೆ ಶೆರಿಂಗ್, ಒಬ್ರು ಶೆರಿಂಗ್ ಟೊಬ್ಗೆ. ಅಣ್ಣತಮ್ಮಂದಿರಾ ಸಾರ್? (ಬೈಲಕುಪ್ಪೆ ಹತ್ರದ ಅಂಗಡಿಯವರು)

ಅಲ್ಲ ಅಣ್ಣಾ, ನೀವು ಬೈಲಕುಪ್ಪೆ ಪಕ್ಕ ಇದ್ಕೊಂಡು ಇದನ್ನ ಕೇಳೋದಾ! ನಿಮ್ಮ ಅಂಗಡಿಗೆ ಬರೋ ಭಿಕ್ಷುಗಳಲ್ಲಿ ಹತ್ತು ಜನರ ಹೆಸರು ಕೇಳಿ, ಒಬ್ಬಿಬ್ಬರಾದ್ರೂ ಶೆರಿಂಗ್ ಇರ್ತಾರೆ. ಭೂತಾನ್‌ನಲ್ಲಿ ಸಾಮಾನ್ಯವಾಗಿ ಮನೆತನದ ಹೆಸರು ಅಂತ ಇರಲ್ಲ, ಎರಡೂ ಅವರವರ ಸ್ವಂತ ಹೆಸರೇ, ಅಪ್ಪಂದು ಒಂದು ಮಗಂದು ಇನ್ನೊಂದು, ಗಂಡಸರಿಗೂ ಹೆಂಗಸರಿಗೂ ಅದೇ ಹೆಸರು ನಡೆಯುತ್ತೆ. ಶೆರಿಂಗ್ ಅಂದ್ರೆ ದೀರ್ಘಾಯುಷ್ಯ, ನಮ್ಮಲ್ಲಿ ಚಿರಂಜೀವಿ ಅಂತ ಇಡ್ತೀವಲ್ಲ ಹಾಗೆ. ಎದುರಿಗೆ ಸಿಕ್ಕಿದ್ರೆ ಹೆಸರು ಹಿಡಿದು ಕರೀಬೇಡಿ ಮತ್ತೆ, ಪ್ರಧಾನಿಗೆ ಅಲ್ಲಿ 'ಲ್ಯೊಂಛೆನ್' ಅಂತಾರೆ, ಹೆಗಲ ಮೇಲೆ ಕಿತ್ತಳೆ ಬಣ್ಣದ ಉದ್ದ ಶಾಲು ಇರುತ್ತೆ, ಬಿಳಿ ಶಾಲಾದ್ರೆ ನಮ್ಮ ನಿಮ್ಮಂಥವರು.